ಗಿರಣಿಯಂಗಳದಲ್ಲೊಂದು ಜೀವರಕ್ಷಣೆಯ ಪಾಠ

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿಯತೊಡಗಿದ ಮೇಲೆ ನಮ್ಮ ಗಂಗಾವತಿ ಸೀಮೆಗೆ ಭತ್ತವೇ ಬದುಕಾಯಿತು. ಭತ್ತದ ಬೆನ್ನಿಗೆ ಅಕ್ಕಿಯ ಗಿರಣಿಗಳು ಬಂದವು. ಲಿಂಗೈಕ್ಯರಾದ ನಮ್ಮ ತಂದೆಯವರು ಕಟ್ಟಿದ ಗಿರಣಿಯೂ ಅವುಗಳಲ್ಲೊಂದು. ಹಮಾಲರು, ಬಾಯ್ಲರ್ ನೋಡುವವರು, ಯಂತ್ರ ನಡೆಸುವವರು, ಕಸ ಗುಡಿಸಿ ನೆಲದ ಕಾಳು ಬಳಿಯುವ ಹೆಣ್ಣುಮಕ್ಕಳು ಎಲ್ಲ ಸೇರಿ ಅರವತ್ತು ಮಂದಿಯ ಸಂಸಾರ ಅದು. ಬಾಗಿಲ ಮೇಲೆ ಬಸವಣ್ಣನವರ ಭಾವಚಿತ್ರವಿದೆ. ಅದಕ್ಕೆ ಕೈಮುಗಿದೇ ನಾವೆಲ್ಲ ಒಳಗೆ ಕಾಲಿಡುವುದು. ಕಾಯಕಜೀವಿಗಳನ್ನು ಚೆನ್ನಾಗಿ ನೋಡಿಕೊಳ್ಳುವ ಧಣಿಯೆಂಬ ಹೆಸರು ನನಗೂ ಇತ್ತು. ಆ ಹೆಸರಿನ ಬಗ್ಗೆ ನನಗೇ ಅನುಮಾನ ಹುಟ್ಟಿದ ದಿನವೊಂದನ್ನು ಇಲ್ಲಿ ಹೇಳಿಕೊಳ್ಳಬೇಕಾಗಿದೆ.

2017ರ ಏಪ್ರಿಲ್ ತಿಂಗಳು. ಬೇಸಿಗೆ ಬೆಳೆಯ ಭತ್ತ ಬರತೊಡಗಿತ್ತು. ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಲಾರಿಯಿಂದ ಚೀಲ ಇಳಿಸುತ್ತಿದ್ದ ಹಿರಿಯ ಹಮಾಲರೊಬ್ಬರು, ಹೊತ್ತ ಚೀಲವನ್ನು ಥಪ್ಪಿಗೆ ಹಾಕಿ ತಿರುಗುವಷ್ಟರಲ್ಲಿ ನಿಂತಲ್ಲಿಯೇ ಕುಸಿದುಬಿದ್ದರು. ಅವರು ನಮ್ಮ ತಂದೆಯವರ ಕಾಲದಿಂದ ನಮ್ಮಲ್ಲಿ ದುಡಿದವರು. ನಾನು ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆ. ಬೆಳಿಗ್ಗೆ ಲಿಂಗಪೂಜೆಯಾಗದೆ ಹನಿ ನೀರನ್ನೂ ಮುಟ್ಟದ ನಿಷ್ಠಾವಂತರು.

ಕೂಗು ಕೇಳಿ ನಾನು ಓಡಿಹೋದಾಗ ಅವರ ಸುತ್ತ ಇಪ್ಪತ್ತು ಮಂದಿ ನಿಂತಿದ್ದರು. ಒಬ್ಬನು ಅಂಗಾಲು ತಿಕ್ಕುತ್ತಿದ್ದ. ಮತ್ತೊಬ್ಬನು ಅವರ ಮುಷ್ಟಿಯೊಳಗೆ ಕೀಲಿಕೈ ಗೊಂಚಲು ತುರುಕುತ್ತಿದ್ದ. ಯಾರೋ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ಯಾರೋ ತುಟಿ ಬಿಡಿಸಿ ನೀರು ಹೊಯ್ದರು. ಕಾಕಾ ಅವರು ಬಾಯಿ ತೆರೆದು ಒಮ್ಮೆ ದೀರ್ಘವಾಗಿ ಗೊರಕೆಯಂಥ ಸದ್ದು ಮಾಡಿದರು. ಬಹಳ ಹೊತ್ತಿನ ಮೇಲೆ ಇನ್ನೊಮ್ಮೆ. “ಉಸುರಾಡಾಕ ಹತ್ಯಾನ್ರೀ, ಏನೂ ಆಗಾಂಗಿಲ್ಲ” ಎಂದು ಎಲ್ಲರೂ ಸಮಾಧಾನ ಹೇಳಿದರು. ನಾನೂ ಅದನ್ನು ನಂಬಿದೆ.

ನಮ್ಮ ಹಮಾಲರ ಮುಕಾದಮನು ಮುಸಲ್ಮಾನ ಬಂಧು. ಕಾಕಾ ಅವರೊಡನೆ ಮೂವತ್ತು ವರ್ಷ ಹೆಗಲಿಗೆ ಹೆಗಲು ಕೊಟ್ಟು ದುಡಿದವನು. ಗಾಳಿಯಾಡಲೆಂದು ಅವನು ಅಂಗಿಯ ಗುಂಡಿ ಬಿಚ್ಚಿದ. ಎದೆಯ ನಡುವೆ ಶಿವದಾರದಲ್ಲಿ ಬೆಳ್ಳಿಯ ಕರಡಿಗೆ ಕಂಡಿತು. ಅವನ ಕೈ ಅಲ್ಲಿಯೇ ನಿಂತಿತು. ನನ್ನ ಮುಖ ನೋಡಿ, “ಸಾವ್ಕಾರ್ರ, ಲಿಂಗ ಐತ್ರಿ. ನಾ ಹೆಂಗ ಕೈ ಹಚ್ಚಲಿ?” ಎಂದ. ಅವನದು ಸಂಕೋಚವೂ ಹೌದು, ಗೌರವವೂ ಹೌದು. ಕೈ ಹಚ್ಚಿ ಮಾಡಬೇಕಾದುದೇನೆಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

108ಕ್ಕೆ ಕರೆ ಮಾಡಿದ್ದಾಯಿತು. ಗಿರಣಿ ಎಲ್ಲಿದೆಯೆಂದು ಅವರು ಕೇಳಿದ ಪ್ರಶ್ನೆಗೆ ಮೂವರು ಮೂರು ಬಗೆಯಲ್ಲಿ ಉತ್ತರ ಕೊಟ್ಟೆವು. ವಾಹನವೇನೋ ಬಂದಿತು, ಆದರೆ ಬಾಗಿಲಿಗೆ ಅಡ್ಡವಾಗಿ ನಮ್ಮವೇ ನಾಲ್ಕು ಲಾರಿಗಳು ನಿಂತಿದ್ದವು. ಅವುಗಳ ಚಾಲಕರನ್ನು ಚಹಾದಂಗಡಿಯಲ್ಲಿ ಹುಡುಕಿ ಕರೆತರುವವರೆಗೆ ಕಾಯಬೇಕಾಯಿತು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕಚೇರಿಯ ಕಪಾಟಿನಲ್ಲಿತ್ತು, ಕಪಾಟಿನ ಕೀಲಿಕೈ ಗುಮಾಸ್ತರ ಬಳಿಯಿತ್ತು, ಗುಮಾಸ್ತರು ಅಂದು ರಜೆಯಲ್ಲಿದ್ದರು. ಆಸ್ಪತ್ರೆ ತಲಪುವ ಮೊದಲೇ ಪ್ರಾಣ ಹೋಗಿದೆಯೆಂದು ವೈದ್ಯರು ಹೇಳಿದರು.

ಮರುದಿನ ವಿಭೂತಿ ಧರಿಸಿ ಸಮಾಧಿ ಕಾರ್ಯ ಮುಗಿಸಿದೆವು. ಪುಣ್ಯವಂತ, ಯಾರಿಗೂ ಭಾರವಾಗದೆ ನರಳದೆ ಹೋದ, ಎಂದು ಬಂದವರೆಲ್ಲ ಹೇಳಿದರು. ನಾನೂ ಹಾಗೆಯೇ ಹೇಳಿದೆ. ಹಾಗೆ ಹೇಳಿಕೊಳ್ಳುವುದು ನನಗೆ ಅನುಕೂಲವಾಗಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಅವರ ಮನೆಯವರಿಗೆ ಸಲ್ಲಬೇಕಾದ ಹಣ ಸಲ್ಲಿಸಿದೆ, ಮಗನನ್ನು ಕೆಲಸಕ್ಕೆ ತೆಗೆದುಕೊಂಡೆ. ನನ್ನ ಕರ್ತವ್ಯ ತೀರಿತೆಂದು ಒಂದು ವರ್ಷ ನೆಮ್ಮದಿಯಿಂದಲೇ ಇದ್ದೆ.

ನನ್ನ ಮಗಳು ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದುತ್ತಿದ್ದಳು. 2018ರ ಬೇಸಿಗೆಯ ರಜೆಗೆ ಬಂದವಳು ಊಟದ ಹೊತ್ತಿನಲ್ಲಿ ಕಾಕಾ ಅವರ ಮಾತು ಬಂದಾಗ, “ಅಪ್ಪಾಜಿ, ಅವತ್ತು ಎದೆ ಒತ್ತಿದವರು ಯಾರು?” ಎಂದು ಸಹಜವಾಗಿ ಕೇಳಿದಳು. ಯಾರೂ ಇಲ್ಲವೆಂದೆ. “ಇಪ್ಪತ್ತು ಮಂದಿ ಇದ್ದರೂ?” ಎಂದಳು. ಅವಳು ದೂರಲಿಲ್ಲ, ಮುಂದೆ ಮಾತಾಡಲೂ ಇಲ್ಲ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಕಾಯಿದೆಯ ದೃಷ್ಟಿಯಿಂದ ನಮ್ಮಲ್ಲಿ ಲೋಪವಿದೆಯೆಂದು ನಾನು ಭಾವಿಸಿರಲಿಲ್ಲ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯಿದೆಯ 45ನೆಯ ಕಲಮು, ಪ್ರತಿ 150 ಕೆಲಸಗಾರರಿಗೆ ಒಂದರಂತೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕೆಂದೂ, ಮಾನ್ಯತೆ ಪಡೆದ ಪ್ರಮಾಣಪತ್ರವುಳ್ಳ ಜವಾಬ್ದಾರಿಯುತ ವ್ಯಕ್ತಿಯೊಬ್ಬನ ವಶದಲ್ಲಿ ಅದಿರಬೇಕೆಂದೂ, ಕೆಲಸದ ವೇಳೆಯುದ್ದಕ್ಕೂ ಆತ ಕೈಗೆ ಸಿಗುವಂತಿರಬೇಕೆಂದೂ ವಿಧಿಸಿತ್ತು. (2025ರ ನವೆಂಬರಿನಿಂದ ಆ ಕಾಯಿದೆಯ ಸ್ಥಾನಕ್ಕೆ ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ ಬಂದಿದೆ.) ನಮ್ಮಲ್ಲಿ ಪೆಟ್ಟಿಗೆಯೂ ಇತ್ತು, ಗುಮಾಸ್ತರ ಪ್ರಮಾಣಪತ್ರ ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲೂ ಇತ್ತು. ಅದರ ಅವಧಿ ಮುಗಿದು ಎಷ್ಟೋ ವರ್ಷಗಳಾಗಿದ್ದವು. ಕಪಾಟು ತೆಗೆಸಿ ನೋಡಿದೆ: ಹಳದಿಗಟ್ಟಿದ ಬ್ಯಾಂಡೇಜು, ಒಣಗಿದ ಟಿಂಕ್ಚರ್, ತುಕ್ಕು ಹಿಡಿದ ಕತ್ತರಿ. ಪ್ರತಿ ವರ್ಷ ಆಯುಧಪೂಜೆಯಲ್ಲಿ ಆ ಪೆಟ್ಟಿಗೆಗೂ ಕುಂಕುಮ ಹಚ್ಚುತ್ತಿದ್ದೆವು, ತೆರೆದಿರಲಿಲ್ಲ.

ಮೊದಲು ನನಗೆ ಹೊಳೆದದ್ದು ಇನ್ನಿಬ್ಬರನ್ನು ಪಟ್ಟಣಕ್ಕೆ ಕಳುಹಿಸಿ ಪ್ರಮಾಣಪತ್ರ ತರಿಸುವ ಉಪಾಯ. ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆ, ಭಾರತೀಯ ರೆಡ್‌ಕ್ರಾಸ್ ಸೊಸೈಟಿ ಮೊದಲಾದವು ಇಂಥ ತರಬೇತಿ ನೀಡುತ್ತವೆ. ಆದರೆ ಮಗಳು ಒಪ್ಪಲಿಲ್ಲ. ಹೃದಯ ನಿಂತ ನಾಲ್ಕಾರು ನಿಮಿಷಗಳಲ್ಲಿ ಮೆದುಳಿಗೆ ಹಾನಿ ಆರಂಭವಾಗುತ್ತದೆ. ಕಲಿತ ಇಬ್ಬರು ಆ ನಾಲ್ಕು ನಿಮಿಷದಲ್ಲಿ ಬಿದ್ದವನ ಪಕ್ಕದಲ್ಲಿಯೇ ಇರುತ್ತಾರೆಂಬ ಭರವಸೆ ಏನು, ರಾತ್ರಿ ಪಾಳಿಯಲ್ಲಿ ಯಾರು, ಅವರಲ್ಲೇ ಒಬ್ಬ ಬಿದ್ದರೆ ಯಾರು ಎಂದು ಕೇಳಿದಳು. ಕಲಿಸುವವರನ್ನೇ ಗಿರಣಿಗೆ ಕರೆಯಿಸಿ, ಎಲ್ಲರಿಗೂ ಕಲಿಸಬೇಕೆಂದು ನಿಶ್ಚಯಿಸಿದ್ದು ಹೀಗೆ.

ನಿಶ್ಚಯಿಸಿದಷ್ಟು ಸುಲಭವಾಗಿ ಅದು ನಡೆಯಲಿಲ್ಲ. ಸುಗ್ಗಿಯಲ್ಲಿ ಗಿರಣಿ ನಿಲ್ಲಿಸುವಂತಿಲ್ಲ. ಕಾಲುವೆಗೆ ನೀರು ಬಿಟ್ಟು ನಾಟಿ ನಡೆಯುವ ಆಗಸ್ಟ್ ತಿಂಗಳಲ್ಲಿ ನಮಗೆ ಕೆಲಸ ಕಡಿಮೆ. ಆದ್ದರಿಂದ ಆಗಲೆಂದು ಗೊತ್ತುಮಾಡಿದೆ. ತಿಂಗಳ ಪಗಾರದವರು ಮರುಮಾತಿಲ್ಲದೆ ಒಪ್ಪಿದರು. ಹಮಾಲರದು ಚೀಲದ ಲೆಕ್ಕದ ಕೂಲಿ. “ಅರ್ಧ ದಿನ ಚೀಲ ಎತ್ಲಿಲ್ಲಂದ್ರ ಮನಿಗೆ ಏನ್ ಒಯ್ಯೋದ್ರೀ?” ಎಂದು ಮುಕಾದಮ ನೇರವಾಗಿ ಕೇಳಿದ. ಕಲಿಯುವ ಪುಣ್ಯ ಅವರದಾಗಲಿ, ನಷ್ಟವೂ ಅವರದೇ ಆಗಲಿ ಎಂಬುದು ನ್ಯಾಯವಲ್ಲವಷ್ಟೆ. ಆ ತಿಂಗಳ ಸರಾಸರಿ ನೋಡಿ ಅರ್ಧ ದಿನದ ಕೂಲಿ ಕೊಡುವುದೆಂದಾಯಿತು. ಲೆಕ್ಕ ಹಾಕಿದರೆ, ತರಬೇತಿಯ ಶುಲ್ಕವೂ ಕೂಲಿಯೂ ಮಧ್ಯಾಹ್ನದ ಪ್ರಸಾದವೂ ಸೇರಿ ಒಂದು ಮೋಟಾರಿನ ರಿಪೇರಿಗೆ ಆಗುವಷ್ಟು ಖರ್ಚಾಗಿರಲಿಲ್ಲ.

ಬಂದವರು ನಿವೃತ್ತ ದಾದಿಯೊಬ್ಬರು ಮತ್ತು ಅವರ ಸಹಾಯಕನಾದ ಒಬ್ಬ ತರುಣ. ಆ ತಾಯಿಯವರು ಬಂದವರೇ ಪಾಠ ಆರಂಭಿಸಲಿಲ್ಲ. “ಮೊದಲು ನಿಮ್ಮ ಗಿರಣಿ ತೋರಿಸಿರಿ” ಎಂದರು. ಒಂದು ಗಂಟೆ ಸುತ್ತಿದರು. ಯಂತ್ರ ನಡೆಯುವಾಗ ಇಲ್ಲಿ ಕೂಗಿದರೆ ಕೇಳುತ್ತದೆಯೇ ಎಂದು ಕೇಳಿದರು, ಕೇಳುವುದಿಲ್ಲ. ವಿದ್ಯುತ್ತಿನ ಮುಖ್ಯ ಸ್ವಿಚ್ಚು ಯಾವುದೆಂದು ಹಮಾಲನೊಬ್ಬನನ್ನು ಕೇಳಿದರು, ಅವನಿಗೆ ಗೊತ್ತಿರಲಿಲ್ಲ. ಭತ್ತ ನೆನೆಹಾಕುವ ತೊಟ್ಟಿಯೊಳಗೆ ಒಬ್ಬ ಬಿದ್ದರೆ ಏನು ಮಾಡುತ್ತೀರೆಂದು ಕೇಳಿದಾಗ ನಾಲ್ವರು “ಜಿಗೀತೀವ್ರಿ” ಎಂದರು. ಒಳಗಿನ ಕೆಟ್ಟ ಗಾಳಿಗೆ ಒಬ್ಬನ ಹಿಂದೆ ನಾಲ್ವರೂ ಹೋಗುತ್ತೀರಿ, ಯಾರೂ ಜಿಗಿಯಬಾರದು ಎಂದು ಅವರು ಗದರಿದರು. ತೌಡಿನ ಕೋಣೆಯ ಕಡಿದಾದ ಏಣಿ ಹತ್ತಿ ನೋಡಿ, ಇಲ್ಲಿಂದ ಎಚ್ಚರ ತಪ್ಪಿದವನನ್ನು ಇಳಿಸುವ ಬಗೆ ಹೇಗೆಂದು ಕೇಳಿದರು. ನಲವತ್ತು ವರ್ಷ ಓಡಾಡಿದ ನನ್ನ ಗಿರಣಿಯನ್ನು ಅಂದು ನಾನು ಹೊಸದಾಗಿ ನೋಡಿದೆ. ಪಟ್ಟಣದ ಯಾವ ಸಭಾಂಗಣದ ಪಾಠವೂ ಇದನ್ನು ತೋರಿಸುತ್ತಿರಲಿಲ್ಲ.

ಅನಂತರ ಅಂಗಳದಲ್ಲಿ ತಾಡಪತ್ರಿ ಹಾಸಿ ಬೊಂಬೆಯನ್ನು ಮಲಗಿಸಿದರು. ಈ ಬೊಂಬೆಗೂ ಒಂದು ಕಥೆಯುಂಟು. 1960ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು, ಎದೆಯನ್ನು ಸೀಳದೆ ಹೊರಗಿನಿಂದಲೇ ಒತ್ತಿ ರಕ್ತ ಹರಿಯಿಸಬಹುದೆಂದು ಪ್ರಕಟಿಸಿದರು. ಅವರಲ್ಲಿ ಹಿರಿಯರಾದ ಕೌವೆನ್‌ಹೋವೆನ್ ವೃತ್ತಿಯಿಂದ ವಿದ್ಯುತ್ ಇಂಜಿನಿಯರ್. ಅದೇ ಕಾಲದಲ್ಲಿ, ಜನಕ್ಕೆ ಕಲಿಸಲೆಂದು ಬೊಂಬೆ ಮಾಡಿಕೊಟ್ಟವನು ನಾರ್ವೆ ದೇಶದ ಆಟಿಕೆ ತಯಾರಕ ಲೇರ್ಡಾಲ್. ಮಕ್ಕಳ ಆಟಿಕೆ ಮಾಡುವ ಕಾಯಕದವನ ಕೈಯಿಂದ ಇಂಥದೊಂದು ಉಪಕಾರವಾಯಿತೆಂದು ಕೇಳಿ ನಮ್ಮ ಬಡಿಗೇರ ತಲೆದೂಗಿದ.

ಪಾಠ ಸರಳವಾಗಿತ್ತು. ಬಿದ್ದವನ ಭುಜ ತಟ್ಟಿ ಕರೆಯಬೇಕು. ಮಾತಿಲ್ಲ, ಸರಿಯಾದ ಉಸಿರಿಲ್ಲ ಎಂದಾದರೆ ಒಬ್ಬನು 108ಕ್ಕೆ ಕರೆ ಮಾಡಬೇಕು, ಒಬ್ಬನು ಬಾಗಿಲಿಗೆ ಓಡಬೇಕು, ಒಬ್ಬನು ಒತ್ತತೊಡಗಬೇಕು. ಅಂಗೈಯ ಬುಡವನ್ನು ಎದೆಯ ಎಲುಬಿನ ಕೆಳಗಿನ ಅರ್ಧಭಾಗದ ಮೇಲಿಟ್ಟು, ಇನ್ನೊಂದು ಕೈಯನ್ನು ಅದರ ಮೇಲಿರಿಸಿ, ಮೊಣಕೈ ಮಡಿಸದೆ, ಮೈಭಾರ ಬಿಟ್ಟು, ಐದರಿಂದ ಆರು ಸೆಂಟಿಮೀಟರು ಆಳಕ್ಕೆ ಒತ್ತಿ ಪೂರ್ತಿ ಬಿಡಬೇಕು. ನಿಮಿಷಕ್ಕೆ 100ರಿಂದ 120 ಸಲ. ಕಲಿತವರು ಮೂವತ್ತು ಸಲ ಒತ್ತಿ ಎರಡು ಸಲ ಉಸಿರು ಊದಬೇಕು. ಊದಲು ಬಾರದವರು, ಮನಸ್ಸಿಲ್ಲದವರು ಬರಿದೆ ಒತ್ತುತ್ತಿದ್ದರೂ ಸಾಕು, ನಿಲ್ಲಿಸಬಾರದು. ಉಸಿರು ಕಟ್ಟಿದವನ ಬಾಯಿಗೆ ನೀರು ಹೊಯ್ಯಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಆಗ ಆ ತಾಯಿಯವರು, ಸಾಯುತ್ತಿರುವವನು ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರಕೆಯಂತೆ ಎಳೆದುಕೊಳ್ಳುವುದು ಉಸಿರಾಟವಲ್ಲ, ಹೃದಯ ನಿಂತುದರ ಗುರುತು, ಎಂದು ಹೇಳಿ ತಾವೇ ಆ ಸದ್ದನ್ನು ಮಾಡಿ ತೋರಿಸಿದರು. ಅಂಗಳ ಸ್ತಬ್ಧವಾಯಿತು. ನಮಗೆಲ್ಲರಿಗೂ ಆ ಸದ್ದಿನ ಗುರುತು ಹತ್ತಿತು. ಮುಕಾದಮ ತಲೆಯ ವಸ್ತ್ರ ತೆಗೆದು ಮುಖ ಒರೆಸಿಕೊಂಡ.

ಅವನೇ ಆಮೇಲೆ ಎದ್ದು ನಿಂತು, ಎದೆಯ ಮೇಲೆ ಲಿಂಗವಿದ್ದರೆ ಏನು ಮಾಡಬೇಕೆಂದು ಕೇಳಿದ. ಒತ್ತುವ ಕೈಗೂ ಎಲುಬಿಗೂ ನಡುವೆ ಗಟ್ಟಿಯಾದ ಲೋಹ ಇರಬಾರದು. ದಾರವನ್ನು ಬಿಚ್ಚುವ ಅಗತ್ಯವಿಲ್ಲ, ಕರಡಿಗೆಯನ್ನು ಭುಜದ ಕಡೆಗೆ ಸರಿಸಿದರೆ ಸಾಕು. ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ ಬಳಸುವಾಗಲೂ ಅದರ ಪಟ್ಟಿಗಳಿಂದ ಲೋಹ ದೂರವಿರಬೇಕು, ಎಂದು ಅವರು ಹೇಳಿದರು. ಮುಕಾದಮನಿಗೆ ಅದು ಸಾಲಲಿಲ್ಲ. ಅವನು ನನ್ನ ಕಡೆಗೆ ನೋಡಿದ. ನಾನು ನಮ್ಮ ಪೂಜ್ಯರನ್ನು ಕೇಳಿ ಹೇಳುತ್ತೇನೆಂದೆ.

ಅಂದು ಸಂಜೆಯೇ ಅವನನ್ನೂ ಕರೆದುಕೊಂಡು ಮಠಕ್ಕೆ ಹೋದೆ. ಪೂಜ್ಯರು ಎಲ್ಲವನ್ನೂ ಕೇಳಿ, “ಒಂದು ವರ್ಷ ಈ ಪ್ರಶ್ನೆ ಇಟ್ಟುಕೊಂಡಿದ್ದೆಯಾ? ಅವತ್ತೇ ಬಂದು ಕೇಳಬಾರದಿತ್ತೇ?” ಎಂದು ನನಗೇ ಹೇಳಿದರು. ಅನಂತರ ಮುಕಾದಮನನ್ನು ಹತ್ತಿರ ಕರೆದು, “ಪ್ರಾಣ ಉಳಿಸೋ ಕೈಗೆ ಮೈಲಿಗೆ ಇಲ್ಲಪ್ಪ. ಸರಿಸು, ಒತ್ತು. ಆ ಮ್ಯಾಲೆ ಇದ್ದಲ್ಲೇ ಇಡು” ಎಂದರು. ಮರುದಿನ ಎರಡನೆಯ ತಂಡದ ಪಾಠದಲ್ಲಿ ಮುಕಾದಮ ತಾನೇ ಮುಂದಾಗಿ ಬೊಂಬೆಯ ಕೊರಳಿಗೆ ಒಂದು ದಾರ ಕಟ್ಟಿ, ಅದಕ್ಕೆ ಸುಣ್ಣದ ಡಬ್ಬಿ ತೂಗಿಸಿ, ಸರಿಸಿ ಒತ್ತುವುದನ್ನು ಎಲ್ಲರಿಗೂ ತೋರಿಸಿದ. ಇಂದಿಗೂ ನಮ್ಮಲ್ಲಿ ಅಭ್ಯಾಸ ಹಾಗೆಯೇ ನಡೆಯುತ್ತದೆ.

ನಗು ಬರುವ ಸಂಗತಿಗಳೂ ಇದ್ದವು. ಕಾಳು ಅಳೆಯುವಾಗ, ಚೀಲ ಎಣಿಸುವಾಗ ನಮ್ಮವರು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಎದೆ ಒತ್ತುವಾಗಲೂ “ಲಾಭ, ಎರಡು, ಮೂರು” ಎಂದೇ ಆರಂಭಿಸಿದರು. ತಾಯಿಯವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕ್ವಿಂಟಾಲುಗಟ್ಟಲೆ ಭಾರಕ್ಕೆ ಬೆನ್ನು ಕೊಟ್ಟ ಆಳುಗಳು ಎರಡೇ ನಿಮಿಷಕ್ಕೆ ಏದುಸಿರು ಬಿಟ್ಟರು. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕೆಂಬ ನಿಯಮ ಏಕಿದೆಯೆಂದು ಆಗ ತಿಳಿಯಿತು. ಬಿಹಾರದಿಂದ ಬಂದ ಹುಡುಗರಿಗೆ ಕನ್ನಡ ಅಷ್ಟಾಗಿ ಬಾರದು. ನೋಡಿಯೇ ಕಲಿತರು, ಚೆನ್ನಾಗಿಯೇ ಕಲಿತರು.

ನನ್ನ ಇನ್ನೊಂದು ತಪ್ಪನ್ನೂ ಹೇಳಬೇಕು. ಕಸ ಗುಡಿಸುವ ಹೆಣ್ಣುಮಕ್ಕಳನ್ನು ನಾನು ಪಟ್ಟಿಗೆ ಸೇರಿಸಿರಲಿಲ್ಲ. ಅವರು ಗುತ್ತಿಗೆಯವರ ಆಳುಗಳು, ನಮ್ಮ ಹಾಜರಿ ಪುಸ್ತಕದಲ್ಲಿಲ್ಲ. ಸೆರಗು ಹೊದ್ದು ಗೋಡೆಯ ಬಳಿ ನಿಂತು ನೋಡುತ್ತಿದ್ದವರನ್ನು ಕಂಡು ತಾಯಿಯವರು, “ಇವರು ಇಲ್ಲಿ ಕೆಲಸ ಮಾಡುವುದಿಲ್ಲವೇ?” ಎಂದರು. ನನ್ನ ಉತ್ತರಕ್ಕೆ ಕಾಯದೆ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಅನಂತರ ಗಂಡಸರತ್ತ ತಿರುಗಿ, ಇವರಲ್ಲೊಬ್ಬರು ಬಿದ್ದರೆ ನೀವು ಯಾರು ಎದೆ ಒತ್ತುತ್ತೀರಿ ಎಂದು ಕೇಳಿದರು. ಎಲ್ಲರೂ ನೆಲ ನೋಡಿದರು. “ನನ್ನ ತಂಗಿ ಬಿದ್ರ ನಾ ನೋಡ್ಕೊಂತ ನಿಲ್ತೀನೇನ್ರೀ?” ಎಂದು ಒಬ್ಬ ಹಮಾಲ ಸಿಟ್ಟಿನಿಂದೆಂಬಂತೆ ಹೇಳಿದ. ಆ ಮೇಲೆ ಆ ಪ್ರಶ್ನೆ ಮತ್ತೆ ಏಳಲಿಲ್ಲ.

ಉಗಿಯಿಂದ ಸುಟ್ಟ ಗಾಯಕ್ಕೆ ಪೇಸ್ಟು, ಶಾಯಿ ಹಚ್ಚದೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡಬೇಕೆಂಬುದು, ಪಟ್ಟಾಕ್ಕೆ ಸಿಕ್ಕು ಬೆರಳು ತುಂಡಾದರೆ ಅದನ್ನು ಶುದ್ಧವಾದ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದೊಳಗಿಟ್ಟು ಆ ಚೀಲವನ್ನು ಮಂಜಿನ ಮೇಲಿಡಬೇಕೆಂಬುದು, ಹಾವು ಕಚ್ಚಿದಲ್ಲಿ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದೆಂಬುದು, ಹೀಗೆ ಇನ್ನೂ ಹಲವು ಕಲಿತೆವು. ಗಿರಣಿಯಲ್ಲಿಯೂ ಕೆಲವು ಬದಲಾವಣೆಗಳಾದವು. ಪೆಟ್ಟಿಗೆ ಈಗ ತೂಕದ ಕಾಟಾದ ಪಕ್ಕದ ಗೋಡೆಯ ಮೇಲಿದೆ, ಬೀಗವಿಲ್ಲ. ಬಾಗಿಲ ಮುಂದೆ ಹಳದಿ ಬಣ್ಣದ ಗೆರೆಯೊಳಗೆ ಯಾವ ಲಾರಿಯೂ ನಿಲ್ಲುವಂತಿಲ್ಲ. 108ಕ್ಕೆ ಹೇಳಬೇಕಾದ ದಾರಿಯ ಗುರುತನ್ನು ದೊಡ್ಡಕ್ಷರದಲ್ಲಿ ಬರೆಯಿಸಿದ್ದೇವೆ. ಆಘಾತ ಕೊಡುವ ಯಂತ್ರವನ್ನು ಈ ಸಾಲಿನ ಗಿರಣಿಯವರೆಲ್ಲ ಕೂಡಿ ಕೊಳ್ಳೋಣವೆಂದು ಎರಡು ಸಭೆಗಳಲ್ಲಿ ಪ್ರಸ್ತಾಪಿಸಿದೆ. ಎಲ್ಲರೂ ಒಳ್ಳೆಯ ವಿಚಾರವೆಂದರು. ಇನ್ನೂ ಕೊಂಡಿಲ್ಲ.

ಕೋವಿಡ್ ಹಾವಳಿಯ 2020ನ್ನು ಬಿಟ್ಟು ಪ್ರತಿ ಆಗಸ್ಟಿನಲ್ಲಿ ಪಾಠ ನಡೆದಿದೆ. 2023ರ ಬಸವ ಜಯಂತಿಯ ಪ್ರಸಾದದ ಹೊತ್ತಿನಲ್ಲಿ ಲಾರಿ ಚಾಲಕನೊಬ್ಬನ ಏಳೆಂಟು ವರ್ಷದ ಮಗನ ಗಂಟಲಿಗೆ ಕೊಬ್ಬರಿಯ ಚೂರು ಸಿಕ್ಕಿತು. ಹುಡುಗ ಕೆಮ್ಮಲೂ ಆಗದೆ ಕೊರಳು ಹಿಡಿದುಕೊಂಡ. ಬಡಿಸುತ್ತಿದ್ದ ನಾವು ಸೌಟು ಹಿಡಿದೇ ನಿಂತಿದ್ದೆವು. ಎಲೆ ಎತ್ತುತ್ತಿದ್ದ ಒಬ್ಬ ಹೆಣ್ಣುಮಗಳು, ಅಂದು ಗೋಡೆಯ ಬಳಿ ನಿಂತಿದ್ದವರಲ್ಲೊಬ್ಬಳು, ಅವನನ್ನು ಮುಂದಕ್ಕೆ ಬಗ್ಗಿಸಿ ಅಂಗೈಯ ಬುಡದಿಂದ ಎರಡು ಹೆಗಲೆಲುಬುಗಳ ನಡುವೆ ಗುದ್ದಿದಳು. ನಾಲ್ಕನೆಯ ಏಟಿಗೆ ಚೂರು ಹಾರಿ ನೆಲಕ್ಕೆ ಬಿತ್ತು. ಐದಕ್ಕೂ ಬಾರದಿದ್ದರೆ ಹಿಂದಿನಿಂದ ತಬ್ಬಿ ಹೊಟ್ಟೆ ಒತ್ತಬೇಕೆಂದು ತನಗೆ ನೆನಪಿತ್ತೆಂದು ಆಮೇಲೆ ಹೇಳಿದಳು. ಆ ತಿಂಗಳಿಂದ ಆ ಹೆಣ್ಣುಮಕ್ಕಳ ಹೆಸರುಗಳು ನಮ್ಮ ಹಾಜರಿ ಪುಸ್ತಕದಲ್ಲಿವೆ. ಬರೆಯಲು ಇಷ್ಟು ತಡವಾಯಿತೆಂಬ ನಾಚಿಕೆ ನನಗಿದೆ.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು 2019ರ ಪಾಠದ ದಿನ. ಕಾಕಾ ಅವರ ಪತ್ನಿ ಮಗನಿಗೆ ಬುತ್ತಿ ತಂದವರು ಅಂಗಳದಲ್ಲಿ ನಿಂತು ನೋಡಿದರು. ತಾವೂ ಮಾಡುತ್ತೇವೆಂದರು. ಬೊಂಬೆಯ ಪಕ್ಕದಲ್ಲಿ ಮಂಡಿಯೂರಿ, ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಹತ್ತಿಪ್ಪತ್ತು ಸಲ ಒತ್ತಿದರು. ಕೈ ನಿಲ್ಲಿಸಿ ಕೇಳಿದರು: “ಅವತ್ತು ಹಿಂಗ ಮಾಡಿದ್ರ ಇವರು ಉಳೀತಿದ್ರೇನ್ರೀ?”

ಯಾರೂ ಮಾತಾಡಲಿಲ್ಲ. ತಾಯಿಯವರು ಅವರ ಪಕ್ಕದಲ್ಲಿ ಕುಳಿತು, “ಹೇಳಲಿಕ್ಕೆ ಬರೂದಿಲ್ಲವ್ವ. ಒತ್ತಿದವರೆಲ್ಲ ಉಳಿಯೂದಿಲ್ಲ. ಒತ್ತದಿದ್ರ ಉಳಿಯೂದು ಇಲ್ಲ” ಎಂದರು. ಆ ಮಾತಿಗೆ ಅವರು ಅಳಲಿಲ್ಲ. ಡಬ್ಬಿಯನ್ನು ಮತ್ತೆ ಬೊಂಬೆಯ ಎದೆಯ ಮೇಲೆ ನೆಟ್ಟಗೆ ಇಟ್ಟು, ಸೆರಗು ಸರಿಪಡಿಸಿಕೊಂಡು ಎದ್ದರು. ಮಗನನ್ನು ಕರೆದು, “ನೀ ಸರಿಯಾಗಿ ಕಲಿ” ಎಂದಷ್ಟೇ ಹೇಳಿ ಬುತ್ತಿ ಕೊಟ್ಟು ಹೋದರು.

ಆ ಹುಡುಗನೇ ಈಗ ಪೆಟ್ಟಿಗೆಯ ಉಸ್ತುವಾರಿ. ತಿಂಗಳ ಮೊದಲ ಸೋಮವಾರ ಪೆಟ್ಟಿಗೆಯಲ್ಲಿರುವುದನ್ನೆಲ್ಲ ಮೇಜಿನ ಮೇಲೆ ಹರವಿ, ಅವಧಿ ಮೀರಿದ್ದನ್ನು ಬೇರೆ ಇಟ್ಟು, ತರಬೇಕಾದುದರ ಚೀಟಿ ನನಗೆ ಕೊಡುತ್ತಾನೆ. ಈ ಸಲದ ಚೀಟಿಯ ಹಿಂದೆ ಆಗಸ್ಟಿನ ಪಾಠಕ್ಕೆ ಕೂರಬೇಕಾದ ಹೊಸಬರ ಪಟ್ಟಿಯೂ ಇತ್ತು. ಒಂಬತ್ತು ಹೆಸರುಗಳು. ಹತ್ತನೆಯದು ನನ್ನದು. ಕಳೆದ ವರ್ಷ ಮಗಳ ಮದುವೆಯ ಗಡಿಬಿಡಿಯಲ್ಲಿ ನಾನು ತಪ್ಪಿಸಿಕೊಂಡಿದ್ದನ್ನು ಅವನು ಮರೆತಿರಲಿಲ್ಲ.